ಭಾವ ಬರೆದ ಇದ್ದಿಲ ಒಲೆಯ ಪುಸ್ತಕ

ನಮ್ಮ ಭಾವ ಪುಸ್ತಕ ಬರೆಯುತ್ತಾರೆ ಎಂದರೆ ಜನ ಒಂದು ಕ್ಷಣ ಗೌರವದಿಂದ ಎದ್ದು ನಿಲ್ಲುತ್ತಾರೆ. ಎಂಥ ಪುಸ್ತಕ ಎಂದು ತಿಳಿದ ಮೇಲೆ ಮತ್ತೆ ಕೂರುತ್ತಾರೆ. ಮಿಕ್ಸಿ ಕೊಂಡು ತಂದಾಗ ಡಬ್ಬದ ತಳದಲ್ಲಿ, ಥರ್ಮಾಕೋಲಿನ ಕೆಳಗೆ, ಒಂದು ತೆಳ್ಳನೆಯ ಪುಸ್ತಕ ಸಿಗುತ್ತದಲ್ಲ. ಅದನ್ನು ನೀವು ತೆರೆಯದೆ ಫ್ರಿಜ್ಜಿನ ಮೇಲೆ ಇಟ್ಟು, ಆಮೇಲೆ ಅದರ ಮೇಲೆ ಬೀಗದ ಕೈ ಇಡುತ್ತೀರಲ್ಲ. ಅದನ್ನು ಬರೆಯುವವರು ನಮ್ಮ ಭಾವ. ಲಕ್ಷಗಟ್ಟಲೆ ಪ್ರತಿ ಅಚ್ಚಾಗುವ ಲೇಖಕರು. ಓದುಗರು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಮನೆ ಬಳಕೆಯ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವರದು ಹತ್ತೊಂಬತ್ತು ವರ್ಷದ ಸರ್ವೀಸು. ಮೂರನೇ ಮಹಡಿಯ ಹಿಂದಿನ ಕೋಣೆಯಲ್ಲಿ ಅವರ ಮೇಜು. ಮೇಜಿನ ಮೇಲೆ ಅಂಟು, ಕತ್ತರಿ, ಕೆಂಪು ಶಾಯಿಯ ಪೆನ್ನು. ಕಿಟಕಿಯಿಂದ ಕೆಳಗೆ ನೋಡಿದರೆ ಲಾರಿಗೆ ಡಬ್ಬ ತುಂಬುವ ಅಂಗಳ ಕಾಣುತ್ತದೆ. ಹತ್ತೊಂಬತ್ತು ವರ್ಷವೂ ಅವರು ಮುಚ್ಚಿದ ಡಬ್ಬಗಳನ್ನೇ ನೋಡಿದ್ದಾರೆ. ತಾವು ಪುಸ್ತಕ ಬರೆದ ಯಾವ ಯಂತ್ರವನ್ನೂ ಅವರು ಕೈಯಿಂದ ಮುಟ್ಟಿದವರಲ್ಲ. ಮನೆಯಲ್ಲಂತೂ ಅಕ್ಕ ಮುಟ್ಟಲು ಬಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಲು ಕಾಯಿಸುತ್ತೇನೆಂದು ಹೋಗಿ, ಹಾಲನ್ನು ಕಟ್ಟೆಯ ಮೇಲೇ ಬಿಟ್ಟು ಬರೀ ಪಾತ್ರೆಯನ್ನು ಅರ್ಧ ಗಂಟೆ ಕಾಯಿಸಿದರಂತೆ. ಅಂದಿನಿಂದ ಅಡುಗೆಮನೆಯಲ್ಲಿ ಅವರಿಗೆ ಪ್ರವೇಶ ಊಟಕ್ಕೆ ಮಾತ್ರ.

ನಾನು ಅಕ್ಕನ ಮನೆಯ ಮಾಳಿಗೆ ಕೋಣೆಯಲ್ಲಿ ಇರುವವನು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದು ನನ್ನ ಕೆಲಸ. ಬೇರೆಯವರ ವಿಷಯವನ್ನು ಹೊರಗಿನಿಂದಲೇ ನೋಡಿ ತಿಳಿದುಕೊಳ್ಳುವುದು ಅಲ್ಲಿಂದಲೇ ಬಂದ ಅಭ್ಯಾಸ. ನನ್ನ ಕಿಟಕಿ ಹಿತ್ತಲಿನ ಕಡೆಗಿದೆ. ಆದ್ದರಿಂದ ಹಿತ್ತಲಿನ ಬಗ್ಗೆ ಮುಂದೆ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ನಮಗೆಲ್ಲ ಆಮೇಲೆ ತಿಳಿದ ಭಾವನ ಬರವಣಿಗೆಯ ಗುಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಕಷ್ಟಪಟ್ಟು ಒಂದೇ ಒಂದು ಪುಸ್ತಕ ಬರೆದರು. ಅದು ಏರ್ ಕೂಲರಿನದು. ಹುಲ್ಲಿನ ಪದರಕ್ಕೆ ನೀರು ಸುರಿದು ಫ್ಯಾನ್ ಹಾಕಿದರೆ ತಣ್ಣನೆ ಗಾಳಿ ಬರುತ್ತದಲ್ಲ, ಆ ಡಬ್ಬ. ಪುಸ್ತಕ ಬಹಳ ಚೆನ್ನಾಗಿತ್ತೆಂದು ಆಗಿನ ಮ್ಯಾನೇಜರು ಬೆನ್ನು ತಟ್ಟಿದರಂತೆ. ಅಷ್ಟೇ ಸಾಕಾಯಿತು. ಆಮೇಲೆ ಬಂದ ಒಂದೊಂದು ಯಂತ್ರಕ್ಕೂ ಭಾವ ಅದೇ ಪುಸ್ತಕವನ್ನು ತೆಗೆದು, ಕೂಲರ್ ಎಂದಿರುವ ಕಡೆ ಹೊಸ ಯಂತ್ರದ ಹೆಸರು ಅಂಟಿಸಿ, ಚಿತ್ರ ಬದಲಿಸಿ ಅಚ್ಚಿಗೆ ಕಳಿಸುತ್ತ ಬಂದರು. ಇಸ್ತ್ರಿಪೆಟ್ಟಿಗೆ, ರುಬ್ಬುವ ಯಂತ್ರ, ಕೂದಲು ಒಣಗಿಸುವ ಯಂತ್ರ ಎಲ್ಲವೂ ಆ ಒಂದೇ ತಾಯಿಯ ಮಕ್ಕಳು. ಯಾರೂ ಓದದಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಮೂರು ವರ್ಷದ ಹಿಂದೆ ಕಂಪನಿಯವರಿಗೆ ಹಿತ್ತಲಿನಲ್ಲಿಟ್ಟು ಸುಡುವ ಗ್ರಿಲ್ ಒಲೆ ಮಾಡುವ ಹುಕಿ ಬಂತು. ಗ್ಯಾಸಿನದೊಂದು, ಇದ್ದಿಲಿನದೊಂದು. ಎರಡಕ್ಕೂ ಪುಸ್ತಕ ಬೇಕೆಂದು ಭಾವನಿಗೆ ನಾಲ್ಕು ದಿನ ಕೊಟ್ಟರು. ಭಾವ ಎರಡೇ ದಿನದಲ್ಲಿ ಎರಡನ್ನೂ ಮುಗಿಸಿ, ಉಳಿದ ಎರಡು ದಿನ ಆಲೋಚನೆಯಲ್ಲಿದ್ದವರಂತೆ ಕುರ್ಚಿಯಲ್ಲಿ ನಿದ್ದೆ ಮಾಡಿದರು.

ನಮ್ಮ ಹಿತ್ತಲಿನ ಬಲಕ್ಕೆ ಮೇಸ್ತ್ರಿಗಳ ಹಿತ್ತಲು. ಮೇಸ್ತ್ರಿಗಳು ದೊಡ್ಡ ಕಾರ್ಖಾನೆಯೊಂದರ ಕುಲುಮೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕಾಯಿಸಿ ನಿವೃತ್ತರಾದವರು. ಎದೆಯಗಲ, ಮಾತು ಕಡಿಮೆ. ಮನೆ ತುಂಬ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅಷ್ಟು ಜನರ ನಡುವೆ ಮೇಸ್ತ್ರಿಗಳಿಗಿದ್ದ ಒಂದೇ ಕೆಲಸವೆಂದರೆ ಯಾರಾದರೂ ಕಸ ಗುಡಿಸುವಾಗ ಕಾಲೆತ್ತಿ ಕೂರುವುದು. ಒಂದು ದಿನ ಅವರು ಯಾರನ್ನೂ ಕೇಳದೆ ಪೇಟೆಗೆ ಹೋಗಿ ಇದ್ದಿಲ ಗ್ರಿಲ್ ಒಲೆಯೊಂದನ್ನು ಹೊತ್ತು ತಂದರು. ಅದನ್ನು ಹಿತ್ತಲಿನ ಮೂಲೆಯಲ್ಲಿ ಕೂರಿಸಿದರು. ದೊಡ್ಡ ಸೊಸೆ ಆ ಮೂಲೆಯಲ್ಲಿ ಸ್ಕೂಟರ್ ನಿಲ್ಲಿಸಬೇಕೆಂದಿದ್ದಳು. ಮಾವನ ಮುಖ ನೋಡಿ ಆವತ್ತಿಗೆ ಸುಮ್ಮನಾದಳು.

ಆ ಹೊತ್ತಿಗೆ ಸರಿಯಾಗಿ ಭಾವ ಗೋಡೆಯ ಈಚೆಗೆ ಹಲ್ಲುಜ್ಜುತ್ತಿದ್ದರು. ಮೇಸ್ತ್ರಿಗಳು ಡಬ್ಬದಿಂದ ಪುಸ್ತಕ ತೆಗೆದದ್ದನ್ನು ಕಂಡರು. ತಾವು ಬರೆದ ಪುಸ್ತಕವನ್ನು ಜೀವಂತ ಮನುಷ್ಯನೊಬ್ಬ ಕೈಯಲ್ಲಿ ಹಿಡಿದದ್ದನ್ನು ಅವರು ನೋಡಿದ್ದು ಅದೇ ಮೊದಲು. ಬಾಯಿಯಲ್ಲಿದ್ದ ಬ್ರಷ್ಷನ್ನು ಹೊರಗೆ ತೆಗೆದು, ಆದಷ್ಟೂ ಸಹಜವಾಗಿ, "ಅದನ್ನ ಬರೆದದ್ದು ನಾನೇ" ಎಂದರು.

ಮೇಸ್ತ್ರಿಗಳು ಕೈಯನ್ನು ಪಂಚೆಗೆ ಒರೆಸಿಕೊಂಡು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದರು. ಗೋಡೆಯ ಹತ್ತಿರ ಬಂದು, ಸಹಿ ಮಾಡಿಕೊಡಬೇಕೆಂದು ಕೇಳಿದರು. ಭಾವ ನೊರೆಬಾಯಲ್ಲೇ ಒಳಗೆ ಓಡಿ ಪೆನ್ನು ತಂದು ಮೊದಲ ಪುಟದಲ್ಲಿ ಸಹಿ ಹಾಕಿದರು. ತಾರೀಖು ಹಾಕಿದರು. 'ಹಾರೈಕೆಗಳೊಂದಿಗೆ' ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದರು. ಆವತ್ತು ತಿಂಡಿ ತಿನ್ನುವಾಗ ಅಕ್ಕ ಎರಡು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ.

ಅಂದಿನಿಂದ ಭಾನುವಾರಕ್ಕೊಂದು ವ್ಯವಸ್ಥೆ ಬಂತು. ಬೆಳಿಗ್ಗೆ ಹತ್ತಕ್ಕೆ ಮೇಸ್ತ್ರಿಗಳು ಒಗೆದ ಅಂಗಿ ತೊಟ್ಟು, ಕನ್ನಡಕ ಹಾಕಿ, ಪುಸ್ತಕ ಹಿಡಿದು ಒಲೆಯ ಮುಂದೆ ನಿಲ್ಲುವರು. ಭಾವ ಗೋಡೆಗೆ ಮೊಣಕೈ ಊರಿ ಈಚೆ ನಿಲ್ಲುವರು. ಮೇಸ್ತ್ರಿಗಳು ಒಂದೊಂದೇ ಸೂಚನೆಯನ್ನು ಗಟ್ಟಿಯಾಗಿ ಓದುವರು. ಪ್ರತಿಯೊಂದಕ್ಕೂ ಭಾವ ತಲೆಯಾಡಿಸುವರು. ಏಳನೇ ಪುಟ ದಾಟುತ್ತಿದ್ದಂತೆ ಒಲೆಯಿಂದ ಹೊಗೆ ಏಳುತ್ತಿತ್ತು. ಸಣ್ಣ ಹೊಗೆಯಲ್ಲ. ದಪ್ಪನೆಯ, ಬೂದು ಬಣ್ಣದ, ಕೆಮ್ಮಿಸುವ ಹೊಗೆ. ಅದು ಗೋಡೆ ಹತ್ತಿ, ನಮ್ಮ ಬಟ್ಟೆಯ ತಂತಿಯನ್ನು ದಾಟಿ, ಆಚೆ ಹಿತ್ತಲಿಗೂ ಹೋಗುತ್ತಿತ್ತು. ಭಾವ ಎರಡು ನಿಮಿಷ ತಡೆದುಕೊಂಡು, "ಬಹಳ ಚೆನ್ನಾಗಿ ಬರ್ತಿದೆ, ಮುಂದುವರಿಸಿ" ಎಂದು ಹೇಳಿ, ಮೂಗಿಗೆ ಟವೆಲ್ ಹಿಡಿದು ಒಳಗೆ ಓಡಿಬಿಡುತ್ತಿದ್ದರು. ನಾನೂ ಮೇಲೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಗೋಡೆಯಾಚೆಯಿಂದ ಸುಟ್ಟ ಜೋಳದ ತೆನೆಯೋ ಮೀನೋ ತಟ್ಟೆಯಲ್ಲಿ ಬರುತ್ತಿತ್ತು. ರುಚಿಗೇನೂ ಕೊರತೆ ಇರುತ್ತಿರಲಿಲ್ಲ. ಭಾವ ಅದನ್ನು ತಮ್ಮ ಪುಸ್ತಕದ ರುಚಿ ಎಂದೇ ತಿಳಿದು ತಿನ್ನುತ್ತಿದ್ದರು.

ಆಚೆ ಹಿತ್ತಲು ಎಂದೆನಲ್ಲ, ನಮ್ಮ ಎಡಕ್ಕಿರುವುದು, ಅದು ಹೆಡ್‌ಮೇಡಂ ಅವರದು. ಹೈಸ್ಕೂಲಿನ ನಿವೃತ್ತ ಮುಖ್ಯೋಪಾಧ್ಯಾಯಿನಿ, ಈಗ ಬಡಾವಣೆಯ ಸಂಘದ ಅಧ್ಯಕ್ಷೆ. ಬಿಳಿ ಸೀರೆ ಬಿಟ್ಟರೆ ಬೇರೆ ಉಡದವರು. ಮೂರು ಭಾನುವಾರ ಬಿಳಿ ಸೀರೆಗಳು ಬೂದು ಬಣ್ಣಕ್ಕೆ ತಿರುಗಿದ ಮೇಲೆ ಅವರು ಪೇಟೆಗೆ ಹೋಗಿ ಐದು ಗುಂಡಿಯ ಗ್ಯಾಸ್ ಗ್ರಿಲ್ ತಂದರು. ಅವರಿಗೆ ಸುಟ್ಟದ್ದನ್ನು ತಿನ್ನುವ ಆಸೆಯೇನೂ ಇರಲಿಲ್ಲ. ಹೊಗೆಯಿಲ್ಲದೆ ಸುಡಬಹುದೆಂದು ಬಡಾವಣೆಗೆ ತೋರಿಸಬೇಕಿತ್ತು. ಗುಂಡಿ ತಿರುಗಿಸಿದರೆ ನೀಲಿ ಬೆಂಕಿ, ಹತ್ತು ನಿಮಿಷಕ್ಕೆ ಬದನೆಕಾಯಿ ತಯಾರು, ಒರೆಸಿದರೆ ಒಲೆ ಥಳಥಳ. ಎಲ್ಲವೂ ಮೊದಲ ದಿನದಿಂದಲೇ ಸರಿಯಾಗಿ ನಡೆಯಿತು. ಪುಸ್ತಕ ನೋಡಿದಿರಾ ಎಂದು ಭಾವ ಆಸೆಯಿಂದ ವಿಚಾರಿಸಿದರು. ತಾವು ನಲವತ್ತು ವರ್ಷ ಪುಸ್ತಕ ಓದಿಸಿದವರೆಂದೂ ಒಲೆ ಹಚ್ಚಲು ಅದನ್ನು ಓದುವ ಗತಿ ಇನ್ನೂ ಬಂದಿಲ್ಲವೆಂದೂ ಹೆಡ್‌ಮೇಡಂ ಹೇಳಿದರು. ಗ್ಯಾಸ್ ಒಲೆ ಅಷ್ಟು ಚೆನ್ನಾಗಿ ಉರಿದದ್ದಕ್ಕೆ ಕಾರಣ ನನಗೆ ಆಮೇಲೆ ಹೊಳೆಯಿತು.

ಹೀಗೆ ನಮ್ಮ ಹಿತ್ತಲಿನ ಎರಡೂ ಕಡೆ ಎರಡು ಮತಗಳು ಹುಟ್ಟಿದವು. ಇದ್ದಿಲಿನದು ಕಾಡುಮನುಷ್ಯರ ಅಡುಗೆ ಎಂದು ಎಡಗಡೆಯವರು. ಗ್ಯಾಸಿನ ಮೇಲೆ ಸುಟ್ಟದ್ದು ಸುಟ್ಟದ್ದೇ ಅಲ್ಲ, ಬಿಸಿ ಮಾಡಿದ್ದು ಎಂದು ಬಲಗಡೆಯವರ ಮೊಮ್ಮಕ್ಕಳು. ಮೇಸ್ತ್ರಿಗಳು ಬಾಯಿ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಒಲೆ ಕೊಳ್ಳಬೇಕೆಂದಿದ್ದವರೆಲ್ಲ ಮಧ್ಯದ ಮನೆಯ ಪಂಡಿತರ ಹತ್ತಿರ ಬರತೊಡಗಿದರು. ದರ್ಜಿ ಬಂದ, ಕಣ್ಣಿನ ಆಸ್ಪತ್ರೆಯ ನರ್ಸು ಬಂದಳು, ಲಾಂಡ್ರಿಯವನು ತನ್ನ ಅಣ್ಣನನ್ನೂ ಕರೆದುಕೊಂಡು ಬಂದ. ಭಾವ ಎಲ್ಲರನ್ನೂ ಕೂರಿಸಿ, ಕಾಲಮೇಲೆ ಕಾಲು ಹಾಕಿ, "ನಿಮ್ಮ ಮನಸ್ಸು ಯಾವ ಕಡೆಗಿದೆ?" ಎಂದು ಮೊದಲು ಕೇಳುತ್ತಿದ್ದರು. ಗ್ಯಾಸ್ ಎಂದರೆ ಗ್ಯಾಸೇ ಸರಿ ಎನ್ನುತ್ತಿದ್ದರು. ಇದ್ದಿಲು ಎಂದರೆ ಇದ್ದಿಲೇ ಸರಿ. ಬಂದವರು, ನಾವು ಅಂದುಕೊಂಡದ್ದನ್ನೇ ಅವರೂ ಹೇಳಿದರು, ಎಂಥ ತಿಳಿವಳಿಕೆ ಎಂದು ಹೊಗಳುತ್ತ ಹೋಗುತ್ತಿದ್ದರು.

ಇಷ್ಟೆಲ್ಲ ಆದರೂ ನಮ್ಮ ಹಿತ್ತಲಲ್ಲಿ ಬಟ್ಟೆಯ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ನಮಗೂ ಒಂದು ತರೋಣ, ಯಾವುದು ತರೋಣ ಎಂದು ಅಕ್ಕ ಕೇಳಿ ಎರಡು ವರ್ಷವಾಗಿತ್ತು. ಭಾವನ ತೊಂದರೆ ಬೇರೆ. ಅವರ ಎರಡೂ ಪುಸ್ತಕಗಳ ಮೊದಲ ಸಾಲು, 'ಅಭಿನಂದನೆಗಳು, ನೀವು ಅತ್ಯುತ್ತಮವಾದುದನ್ನೇ ಆರಿಸಿದ್ದೀರಿ' ಎಂದಿತ್ತು. ತಾವೇ ಬರೆದದ್ದನ್ನು ತಾವೇ ಸುಳ್ಳು ಮಾಡುವುದು ಹೇಗೆ? ವಿಷಯ ಅಧ್ಯಯನದಲ್ಲಿದೆ ಎನ್ನುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿ, ಈ ಅಧ್ಯಯನ ಮುಗಿಯುವ ಹೊತ್ತಿಗೆ ನನ್ನ ಹಲ್ಲೆಲ್ಲ ಉದುರಿ ಜೋಳ ಕಡಿಯೋಕೂ ಆಗಲ್ಲ ಎಂದು ನಿಟ್ಟುಸಿರು ಬಿಟ್ಟಳು.

ಮೂರನೇ ವರ್ಷ ಹೆಡ್‌ಮೇಡಂ ತಾಳ್ಮೆ ಮುಗಿಯಿತು. ಸಂಘದ ಸಭೆ ಕರೆದರು. ಹಿತ್ತಲುಗಳಲ್ಲಿ ಇದ್ದಿಲ ಒಲೆಯನ್ನು ನಿಷೇಧಿಸಬೇಕು, ಗ್ಯಾಸ್ ಮಾತ್ರ ಇರಬೇಕು ಎಂದು ಠರಾವು ಮಂಡಿಸಿದರು. ಅಷ್ಟಕ್ಕೇ ಬಿಡದೆ ನಗರಸಭೆಗೂ ಅರ್ಜಿ ಬರೆದರು. ಅರ್ಜಿಯ ಜೊತೆ ಒಂದು ಬೂದು ಸೀರೆಯನ್ನು ಸಾಕ್ಷಿಗೆಂದು ಮಡಚಿ ಕಳಿಸಿದರು. ಸಭೆಯಲ್ಲಿ ತಜ್ಞರ ಅಭಿಪ್ರಾಯ ಬೇಕೆಂದಾಗ ಎಲ್ಲರೂ ಭಾವನ ಕಡೆ ನೋಡಿದರು. ಭಾವ ಎದ್ದು ನಿಂತು, ಗ್ಯಾಸಿಗೆ ಅದರದೇ ಗುಣವಿದೆ, ಇದ್ದಿಲಿಗೆ ಅದರದೇ ಗುಣವಿದೆ, ಎರಡರ ನಡುವೆ ವ್ಯತ್ಯಾಸವಿದೆ, ಆದರೆ ವಿರೋಧವಿಲ್ಲ ಎಂದು ಹತ್ತು ನಿಮಿಷ ಮಾತಾಡಿ ಕೂತರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿಗಳ ದೊಡ್ಡ ಸೊಸೆ ಮನೆಗೆ ಹೋಗಿ ಹಿತ್ತಲಿನ ಮೂಲೆಯನ್ನು ಹಗ್ಗ ಹಿಡಿದು ಅಳೆದಳು. ಸ್ಕೂಟರು ಸರಿಯಾಗಿ ಹಿಡಿಸುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆಯೇ ನಗರಸಭೆಯ ಇನ್ಸ್‌ಪೆಕ್ಟರು ಬಂದರು. ಕಂಕುಳಲ್ಲಿ ಫಾರಂ ಕಟ್ಟಿದ ರಟ್ಟು, ಹಿಂದೆ ತಳ್ಳುಗಾಡಿಯ ಜೊತೆ ಇಬ್ಬರು ಕೆಲಸದವರು. ಸಣಕಲು ಮನುಷ್ಯ, ಬಹಳ ಮರ್ಯಾದಸ್ಥ. ಬಂದವರೇ ಮೇಸ್ತ್ರಿಗಳಿಗೆ ನಮಸ್ಕಾರ ಹೇಳಿ, ದೂರು ಬಂದಿದೆ, ಪ್ರತಿ ವಾರ ಹೇಗೆ ಮಾಡುತ್ತೀರೋ ಹಾಗೆಯೇ ಒಮ್ಮೆ ಮಾಡಿ ತೋರಿಸಿ ಎಂದರು. ಹಿತ್ತಲು ತುಂಬ ಜನ ಸೇರಿದರು. ದರ್ಜಿ, ನರ್ಸು, ಲಾಂಡ್ರಿಯ ಅಣ್ಣತಮ್ಮಂದಿರು ಎಲ್ಲ ಬಂದರು. ಅಕ್ಕನೂ ನಾನೂ ಹೋದೆವು. ಹೆಡ್‌ಮೇಡಂ ಕುರ್ಚಿ ತರಿಸಿಕೊಂಡು ಗಾಳಿಗೆ ಎದುರಾಗಿ ಕೂತರು. ಹೊಗೆ ತಮ್ಮ ಮೇಲೇ ಬರಲಿ, ಎಲ್ಲರೂ ನೋಡಲಿ ಎಂಬುದು ಅವರ ಲೆಕ್ಕಾಚಾರ. ಭಾವನನ್ನು ಗೋಡೆ ಸುತ್ತಿ ಬರುವಂತೆ ಕರೆದು ಇನ್ಸ್‌ಪೆಕ್ಟರ ಪಕ್ಕದಲ್ಲಿ ನಿಲ್ಲಿಸಿದರು. ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದರು.

ಮೇಸ್ತ್ರಿಗಳು ಕನ್ನಡಕ ಹಾಕಿ ಪುಸ್ತಕ ತೆರೆದರು. ಎಲ್ಲ ಯಥಾಪ್ರಕಾರ ನಡೆಯಿತು. ಏಳನೇ ಪುಟ ಬಂತು. ಮೇಸ್ತ್ರಿಗಳು ಗಟ್ಟಿಯಾಗಿ ಓದಿದರು: "ಸೂಚನೆ ನಾಲ್ಕು. ಬಳಸುವ ಮೊದಲು ಇದ್ದಿಲನ್ನು ಹತ್ತು ನಿಮಿಷ ನೀರಿನಲ್ಲಿ ಚೆನ್ನಾಗಿ ನೆನೆಸಿ. ಒಣಗಿದ ಇದ್ದಿಲಿನಿಂದ ಪೂರ್ಣ ಫಲ ಸಿಗುವುದಿಲ್ಲ." ಓದಿ ಮುಗಿಸಿ, ಇದ್ದಿಲ ಬುಟ್ಟಿಯನ್ನು ಎತ್ತಿ ಬಕೆಟಿನ ನೀರಿನಲ್ಲಿ ಮುಳುಗಿಸಿದರು.

ಇನ್ಸ್‌ಪೆಕ್ಟರು ಪೆನ್ನು ಎತ್ತಿದವರು ಎತ್ತಿದಂತೆಯೇ ನಿಂತರು. ನೆನೆಸಿದ್ದು ಯಾಕೆಂದು ಕೇಳಿದರು. ಪುಸ್ತಕದಲ್ಲಿದೆ ಎಂದರು ಮೇಸ್ತ್ರಿಗಳು. ಪುಸ್ತಕ ಯಾರದೆಂದು ಕೇಳಿದರು. ಮೇಸ್ತ್ರಿಗಳು ಉತ್ತರ ಕೊಡುವ ಅಗತ್ಯವೇ ಇರಲಿಲ್ಲ. ಇಡೀ ಹಿತ್ತಲು ಭಾವನನ್ನು ಹೆಮ್ಮೆಯಿಂದ ನೋಡುತ್ತಿತ್ತು.

ನನಗೆ ಭಾವನ ಮುಖದ ಮೇಲೆ ಆಗಿನಷ್ಟು ಬಣ್ಣಗಳನ್ನು ನೋಡಿದ ನೆನಪಿಲ್ಲ. ಅವರು ಮೂರು ವರ್ಷ ಆ ಸಾಲಿಗೆ ತಲೆಯಾಡಿಸಿದ್ದರು; ಅದು ಕಿವಿಯೊಳಗೆ ಹೋದದ್ದು ಅಂದೇ ಇರಬೇಕು. ಆದರೆ ಸೋಲೊಪ್ಪುವ ಜಾಯಮಾನ ಅವರದಲ್ಲ. ಗಂಟಲು ಸರಿಮಾಡಿಕೊಂಡು, "ನೆನೆದ ಇದ್ದಿಲು ನಿಧಾನಕ್ಕೆ ಹತ್ತುತ್ತೆ. ನಿಧಾನಕ್ಕೆ ಹತ್ತಿದ ಶಾಖ ಆಳಕ್ಕೆ ಇಳಿಯುತ್ತೆ. ಇದು ಸ್ವಲ್ಪ ಮುಂದುವರಿದ ವಿಧಾನ" ಎಂದರು. ಜನ ಒಬ್ಬರನ್ನೊಬ್ಬರು ನೋಡಿ ಮೆಚ್ಚಿಗೆಯಿಂದ ತಲೆದೂಗಿದರು. ಇನ್ಸ್‌ಪೆಕ್ಟರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು.

ಮೇಸ್ತ್ರಿಗಳು ಬೆಂಕಿ ಹಚ್ಚಿದರು. ಹೊಗೆ ಎದ್ದಿತು. ಹೆಡ್‌ಮೇಡಂ ಕೂತಲ್ಲೇ ಮಾಯವಾದರು. ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಹೊಗೆ ತಿಳಿಯಾದ ಮೇಲೆ ಇನ್ಸ್‌ಪೆಕ್ಟರು ಕಣ್ಣೊರೆಸಿಕೊಂಡು ಫಾರಂ ತೆಗೆದರು. ಅದರಲ್ಲಿ ಎರಡೇ ಚೌಕಗಳಿದ್ದವು. ಒಂದು, ಬಳಸುವವರ ತಪ್ಪು. ಇನ್ನೊಂದು, ಸಾಮಾನಿನ ದೋಷ. ಬಳಸಿದವರು ಪುಸ್ತಕದಂತೆಯೇ ಬಳಸಿದ್ದಾರೆ, ಪುಸ್ತಕ ಸರಿಯಿದೆ ಎಂದು ಬರೆದವರೇ ಹೇಳಿದ್ದಾರೆ; ಅಂದ ಮೇಲೆ ದೋಷ ಒಲೆಯದೇ. ಎರಡನೇ ಚೌಕಕ್ಕೆ ಗುರುತು ಹಾಕಿದರು. ಬಡಾವಣೆಯ ಇದ್ದಿಲ ಒಲೆಗಳನ್ನೆಲ್ಲ ವಶಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ಇದರಿಂದಲೇ ಶುರು ಎಂದು ವಿನಯದಿಂದ ಹೇಳಿ, ಕೆಲಸದವರಿಗೆ ಕೈ ಮಾಡಿದರು. ತಳ್ಳುಗಾಡಿ ಒಳಗೆ ಬಂತು. ದೊಡ್ಡ ಸೊಸೆ ಬಾಗಿಲು ಅಗಲಕ್ಕೆ ತೆಗೆದು ಹಿಡಿದಳು.

ಮೇಸ್ತ್ರಿಗಳು ಜಗಳಕ್ಕೆ ನಿಲ್ಲಲಿಲ್ಲ. ಪುಸ್ತಕ ಮುಚ್ಚಿದರು. ಕೆಲಸದವರ ಹತ್ತಿರ ಹೋಗಿ, "ಒಂಚೂರು ತಡೀರಪ್ಪ, ಬೂದಿ ತೆಗೆದುಕೊಡ್ತೀನಿ, ಇಲ್ದಿದ್ರೆ ನಿಮ್ಮ ಬಟ್ಟೆಗೆ ಆಗುತ್ತೆ" ಎಂದರು. ಮೊಣಕಾಲೂರಿ ಕೂತು ಒಲೆಯ ತಟ್ಟೆಯನ್ನು ಹೊರಗೆಳೆದು ಬೂದಿ ಗೋರತೊಡಗಿದರು. ವಾರದ ಆರು ದಿನ ಕಾಲೆತ್ತಿ ಕೂತಿರುವ ಮನುಷ್ಯನಿಗೆ ಇನ್ನು ಏಳನೇ ದಿನವೂ ಅದೇ ಗತಿ ಎಂದು ನಮಗೆಲ್ಲ ಗೊತ್ತಾಯಿತು. ಅಕ್ಕ ಭಾವನನ್ನು ನೋಡಿದಳು. ಆ ನೋಟವನ್ನು ನಾನು ಚಿಕ್ಕಂದಿನಲ್ಲಿ ಬಹಳ ಸಲ ತಿಂದಿದ್ದೇನೆ.

"ಒಂದ್ನಿಮಿಷ" ಎಂದರು ಭಾವ. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಆ ಸೂಚನೆ ಕೂಲರಿನ ಹುಲ್ಲಿನ ಪದರಕ್ಕೆ ಬರೆದದ್ದು, ಪದರ ಎಂದಿದ್ದ ಕಡೆ ಇದ್ದಿಲು ಎಂದು ಅಂಟಿಸಿ ಅಚ್ಚಿಗೆ ಕಳಿಸಿದ್ದು, ಇದ್ದಿಲ ಒಲೆಯನ್ನು ತಾವು ಜನ್ಮದಲ್ಲಿ ಹಚ್ಚಿದವರಲ್ಲ, ತಪ್ಪೆಲ್ಲ ತಮ್ಮದೇ.

ಯಾರೂ ನಂಬಲಿಲ್ಲ. ಇನ್ಸ್‌ಪೆಕ್ಟರ ಪೆನ್ನು ಜೇಬಿಗೆ ಹೋಯಿತು. ಪಕ್ಕದ ಮನೆಯವರ ಒಲೆ ಉಳಿಸಲು ಇಷ್ಟು ದೊಡ್ಡ ಮನುಷ್ಯರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದಾರೆ, ಇಂಥವರು ಈಗೆಲ್ಲಿ ಸಿಗುತ್ತಾರೆ ಎಂದು ಕೈಮುಗಿದರು. ದರ್ಜಿ ಕೈಮುಗಿದ. ನರ್ಸು ಕಣ್ಣೊರೆಸಿಕೊಂಡಳು. ಹಾಗೆ ತಪ್ಪಿದ್ದರೆ ಊರೂರಿಂದ ದೂರು ಬರುತ್ತಿರಲಿಲ್ಲವೇ ಎಂದು ಲಾಂಡ್ರಿಯವನ ಅಣ್ಣ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ. ಭಾವ ತಲೆ ತಗ್ಗಿಸಿ ಅದಕ್ಕೂ ಉತ್ತರ ಕೊಟ್ಟರು. ಪುಸ್ತಕದ ಕೊನೆಯ ಪುಟದ ಫೋನ್ ನಂಬರೂ ಕೂಲರ್ ವಿಭಾಗದ್ದೇ. ಒಲೆ ಹೊತ್ತಿಕೊಳ್ಳುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲಿರುವವರು, ನೀರು ಸರಿಯಾಗಿ ಹಾಕಿದ್ದೀರಾ ಎಂದು ಕೇಳಿ ಇಟ್ಟುಬಿಡುತ್ತಾರೆ. ಇದನ್ನು ಕೇಳಿ ಜನರಿಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು. ಇಂಥ ಕಟ್ಟುಕಥೆಯನ್ನು ನಿಂತ ನಿಲುವಿನಲ್ಲಿ ಹೊಸೆಯುವುದು ಸಾಮಾನ್ಯರಿಂದ ಆಗುವ ಕೆಲಸವೇ?

ಕೊನೆಗೆ ಭಾವನನ್ನು ಕಾಪಾಡಿದ್ದು, ಅಥವಾ ಹಾಳು ಮಾಡಿದ್ದು, ಹೆಡ್‌ಮೇಡಂ. ಅವರು ನನ್ನನ್ನು ಕರೆದು ನಮ್ಮ ಮನೆಯ ಕೂಲರಿನ ಪುಸ್ತಕ ತರಲು ಹೇಳಿದರು. ತಂದುಕೊಟ್ಟೆ. ಎರಡನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಬೆರಳು ಓಡಿಸುತ್ತ ನೋಡಿದರು. ನಲವತ್ತು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ತಿರುಗಿದ ಕಣ್ಣು ಅದು. ಮೂರನೇ ಪುಟದಲ್ಲಿ ಒಂದು ಸಲ 'ಹುಂ' ಎಂದರು. ಐದನೇ ಪುಟದಲ್ಲಿ ಎರಡು ಸಲ. ಒಂಬತ್ತನೇ ಪುಟದಲ್ಲಿ, ಇದ್ದಿಲ ಒಲೆಯನ್ನು ಕಿಟಕಿಗೆ ಕೂರಿಸಿ ಫ್ಯಾನಿನ ವೇಗವನ್ನು ಮೂರಕ್ಕೆ ಇಡಬೇಕೆಂಬ ಸಾಲು ಹೆಸರು ಬದಲಾಗಿ ಹಾಗೆಯೇ ಇತ್ತು. ಹೆಡ್‌ಮೇಡಂ ಪುಸ್ತಕ ಮುಚ್ಚಿ ಎದ್ದು ನಿಂತರು.

"ಕಾಪಿ" ಎಂದರು. "ಇಡೀ ಪುಸ್ತಕ ಕಾಪಿ. ಅಲ್ಲೇ ನಿಂತ್ಕೊಳ್ಳಿ, ಅಲ್ಲಾಡಬೇಡಿ."

ಐವತ್ತೆರಡು ವರ್ಷದ ನಮ್ಮ ಭಾವ ಕೈಕಟ್ಟಿ ಅಲ್ಲೇ ನಿಂತರು. ಮೂರು ವರ್ಷ ಗಳಿಸಿದ ಗೌರವ ಮೂರು ನಿಮಿಷದಲ್ಲಿ ಹಿತ್ತಲಿನಿಂದ ಹೊರಟುಹೋಯಿತು. ಅವರ ಮಾತು ಕೇಳಿ ಇದ್ದಿಲ ಒಲೆ ಕೊಂಡು ಮನೆಯಿಡೀ ಕೆಮ್ಮುತ್ತಿದ್ದ ದರ್ಜಿ ಅವರನ್ನು ನೋಡಿದ ರೀತಿಯನ್ನು ನಾನು ವರ್ಣಿಸುವುದಿಲ್ಲ. ಗ್ಯಾಸ್ ಕೊಂಡಿದ್ದ ನರ್ಸು, ತನ್ನ ಪುಸ್ತಕದಲ್ಲಿ ಏನಿದೆಯೋ ಎಂದು ಮನೆಯ ಕಡೆ ಓಡಿದಳು.

ಇನ್ಸ್‌ಪೆಕ್ಟರು ಪೇಚಿಗೆ ಸಿಕ್ಕಿದರು. ಫಾರಂನಲ್ಲಿ ಪುಸ್ತಕದ ತಪ್ಪಿಗೆ ಚೌಕವಿರಲಿಲ್ಲ. ಒಣ ಇದ್ದಿಲಿನಲ್ಲಿ ಹೊಗೆ ಬರುವುದಿಲ್ಲವೆಂಬುದಕ್ಕೆ ಪುರಾವೆ ಬೇಕೆಂದರು. ಅಕ್ಕ ಮೂಲೆಯಲ್ಲಿದ್ದ ಮೇಸ್ತ್ರಿಗಳ ಚೀಲದಿಂದ ಒಣ ಇದ್ದಿಲನ್ನು ತಂದು ಅವರ ಮುಂದೆ ಸುರಿದಳು. ಮೇಸ್ತ್ರಿಗಳು ಹಚ್ಚಲಿಲ್ಲ. ಭಾವನ ಕಡೆ ನೋಡಿದರು. ಕೈಕಟ್ಟಿ ನಿಂತಿದ್ದ ಭಾವ, "ಹಚ್ಚಿ ಮೇಸ್ತ್ರಿಗಳೇ" ಎಂದು ಸಣ್ಣ ದನಿಯಲ್ಲಿ ಹೇಳಿದ ಮೇಲೆಯೇ ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಪುಸ್ತಕವನ್ನು ಗೋಡೆಯ ಮೇಲಿಟ್ಟರು. ಇದ್ದಿಲನ್ನು ಗೋಪುರದಂತೆ ಜೋಡಿಸಿ, ಕೆಳಗೆ ಎರಡು ಚೂರು ಕಾಗದ ತುರುಕಿ, ಒಂದೇ ಕಡ್ಡಿ ಗೀರಿದರು. ಬಗ್ಗಿ ನಾಲ್ಕು ಸಲ ಊದಿದರು. ಹತ್ತು ನಿಮಿಷದಲ್ಲಿ ಇದ್ದಿಲು ಕೆಂಪಗಾಗಿ ಮೇಲೆ ತೆಳ್ಳಗೆ ಬೂದಿ ಕಟ್ಟಿತು. ಹೊಗೆ ಇಲ್ಲವೆಂದರೂ ನಡೆಯುವಷ್ಟು ಕಡಿಮೆ.

ಆ ಮೇಲೆ ನಡೆದದ್ದನ್ನು ಸರಕಾರಿ ಪರಿಶೀಲನೆ ಎಂದು ಕರೆಯುವುದು ಕಷ್ಟ. ಜೋಳದ ತೆನೆ ಬಂದವು, ಮೀನು ಬಂತು, ಆಲೂಗಡ್ಡೆ ಬಂತು. ಇನ್ಸ್‌ಪೆಕ್ಟರು ಎರಡನೇ ತೆನೆ ಮುಗಿಸಿ, ಕೈ ಒರೆಸಿಕೊಂಡು, ಫಾರಂನಲ್ಲಿ ಪೆನ್ನಿನಿಂದ ಮೂರನೆಯ ಚೌಕವೊಂದನ್ನು ತಾವೇ ಎಳೆದು ಅದಕ್ಕೆ ಗುರುತು ಹಾಕಿದರು. ಸರ್ವೀಸಿನಲ್ಲಿ ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸ ಇದು ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿಕೊಂಡರು. ತಳ್ಳುಗಾಡಿ ಖಾಲಿಯಾಗಿಯೇ ಹೋಯಿತು. ಗ್ಯಾಸೇ ಶುಚಿ, ಗ್ಯಾಸೇ ಸುಲಭ, ಅದರಲ್ಲಿ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದು ಹೆಡ್‌ಮೇಡಂ ಸ್ಪಷ್ಟಪಡಿಸಿದರು. ಸ್ಪಷ್ಟಪಡಿಸುವಾಗ ಅವರ ಬಾಯಲ್ಲಿ ಮೀನಿತ್ತು. ದೊಡ್ಡ ಸೊಸೆ ಸ್ಕೂಟರನ್ನು ಬೀದಿಯಲ್ಲೇ ನಿಲ್ಲಿಸಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ನಮಗೆ ಯಾವ ಒಲೆಯೂ ಬೇಡ, ಅಧ್ಯಯನ ಸಾಕು ಎಂದು ಅಕ್ಕ ಘೋಷಿಸಿದಳು.

ಜನ ಕರಗಿದ ಮೇಲೆ ಹಿತ್ತಲಲ್ಲಿ ನಾವು ನಾಲ್ಕೇ ಜನ ಉಳಿದೆವು. ಭಾವ ಇನ್ನೂ ಹೆಡ್‌ಮೇಡಂ ನಿಲ್ಲಿಸಿದಲ್ಲೇ ನಿಂತಿದ್ದರು. ಮೇಸ್ತ್ರಿಗಳು ಉಳಿದ ಕೆಂಡದ ಮೇಲೆ ಒಂದು ಮೀನು ಇಟ್ಟು ಇಕ್ಕಳದಲ್ಲಿ ತಿರುಗಿಸುತ್ತಿದ್ದರು. ಭಾವ ಹತ್ತಿರ ಹೋದರು.

"ತಪ್ಪಾಯ್ತು ಮೇಸ್ತ್ರಿಗಳೇ. ಹೊಟ್ಟೆಗೆ ಹಾಕ್ಕೊಳ್ಳಿ. ಮೂರು ವರ್ಷ ನಿಮಗೆ ಸುಮ್ಮನೆ ಹೊಗೆ ಕುಡಿಸಿದೆ."

"ಪರವಾಗಿಲ್ಲ ಬಿಡಿ ಸಾರ್. ಗೊತ್ತಿತ್ತು."

"ಏನು ಗೊತ್ತಿತ್ತು?"

"ಒದ್ದೆ ಇದ್ದಿಲು ಹತ್ತಲ್ಲ ಅಂತ. ಮೂವತ್ತೈದು ವರ್ಷ ಕುಲುಮೆ ಮುಂದೆ ಕೂತವನು ನಾನು. ನೀವು ಒಳಗೆ ಹೋದ ಮೇಲೆ ಅದನ್ನ ತೆಗೆದು ಒಣದು ಹಾಕ್ಕೊಳ್ತಿದ್ದೆ. ಇಲ್ದಿದ್ರೆ ಮೀನು ಬೇಯೋದು ಹೆಂಗೆ?"

ಅಕ್ಕ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. ಹಾಗಿದ್ದರೆ ಮೊದಲು ನೆನೆಸುತ್ತಿದ್ದದ್ದು ಯಾಕೆ, ಇವತ್ತು ಒಲೆಯನ್ನೇ ಹೊತ್ತುಕೊಂಡು ಹೋಗುತ್ತಿದ್ದರೂ ಹೇಳಲಿಲ್ಲ ಯಾಕೆ ಎಂದು ಭಾವ ಹೇಗೋ ಕೇಳಿದರು.

ಮೇಸ್ತ್ರಿಗಳು ಮೀನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು. "ನೀವು ಪ್ರತಿ ವಾರ ಬಂದು ಗೋಡೆ ಹತ್ರ ನಿಂತ್ಕೊಳ್ತಿದ್ರಿ. ನಾನು ಓದೋದನ್ನ ಅಷ್ಟು ಆಸೆಯಿಂದ ಕೇಳ್ತಿದ್ರಿ. ನಮ್ಮ ಮನೇಲಿ ನಾನು ಮಾಡೋದನ್ನ ನಿಂತು ನೋಡೋರು ಇನ್ಯಾರಿದ್ರು ಹೇಳಿ. ಒಂದು ಬುಟ್ಟಿ ಇದ್ದಿಲು ನೆನೆದ್ರೆ ಏನು ಹೋಯ್ತು?"

ಮೇಸ್ತ್ರಿಗಳು ಎಂದಿನಂತೆ ಭಾವನ ಕಡೆ ತಿರುಗಿ, ಎಂದಿನ ಗೌರವದಿಂದಲೇ, ಈ ಮೀನು ಆಗಿದೆಯಾ, ಇನ್ನೂ ಸ್ವಲ್ಪ ಬಿಡಬೇಕಾ, ನೋಡಿ ಹೇಳಿ ಎಂದರು. ಭಾವ ಮೀನನ್ನು ಬಹಳ ಹೊತ್ತು ನೋಡಿದರು.

"ನನಗೆ ಗೊತ್ತಿಲ್ಲ" ಎಂದರು.

ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ, ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲ ಸಲ. ಅಕ್ಕ ನನ್ನ ಮುಖ ನೋಡಿದಳು. ಮೇಸ್ತ್ರಿಗಳು ಮಾತ್ರ ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ, "ಹಂಗಾದ್ರೆ ಬನ್ನಿ, ಹಿಡ್ಕೊಳ್ಳಿ, ತೋರಿಸ್ತೀನಿ" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟು, ಇಕ್ಕಳವನ್ನು ಒಲೆಯ ಅಂಚಿನ ಮೇಲಿಟ್ಟರು.

ಭಾವ ತೋಳು ಮಡಚಿ, ಹೆಜ್ಜೆ ಮುಂದಿಟ್ಟು, ಭಕ್ತಿಯಿಂದ ಇಕ್ಕಳವನ್ನು ಹಿಡಿದುಕೊಂಡರು. ಕಾದ ತುದಿಯನ್ನೇ ಹಿಡಿದುಕೊಂಡರು.